ಜೀರಂಗಿ ಪದಕದ ದುರಸ್ತಿ

ನನ್ನ ಕೈಯಲ್ಲಿ ದುರಸ್ತಿಯ ಗುಣ ಇದೆ ಎಂದು ನಾನು ಬಹುಕಾಲ ನಂಬಿದ್ದೆ. ಚೆಂಬೂರಿನ ನಮ್ಮ ಎರಡು ಖೋಲಿಯ ಮನೆಯಲ್ಲಿ ಸೋರುವ ನಳಕ್ಕೆ ದಾರ ಸುತ್ತಿದವನು ನಾನು. ನಳ ಆಮೇಲೂ ಸೋರುತ್ತಿತ್ತು, ಆದರೆ ಮೊದಲಿನಷ್ಟು ಸಪ್ಪಳ ಮಾಡುತ್ತಿರಲಿಲ್ಲ. ಕುಂಟುವ ಮಣೆಗೆ ಮೊಳೆ ಹೊಡೆದವನೂ ನಾನೇ. ಆ ಮಣೆಯ ಮೇಲೆ ಈಗ ಯಾರೂ ಕೂಡುವುದಿಲ್ಲ ಎಂಬುದು ಬೇರೆ ಮಾತು. ಇಷ್ಟು ಅನುಭವವಿದ್ದ ಮನುಷ್ಯ ಒಂದು ಸಣ್ಣ ಪದಕದ ಗಾಜು ಒರೆಸಲಾರನೇ?

ಪದಕ ನನ್ನ ಹೆಂಡತಿ ಕುಸುಮಾಳದು. ಅವಳ ತವರುಮನೆ ಧಾರವಾಡದ ಕಡೆಯದು. ಮದುವೆಯಲ್ಲಿ ಅವಳ ತಾಯಿ ಅದನ್ನು ಅವಳ ಕೊರಳಿಗೆ ಹಾಕಿದ್ದರು. ಅವರಿಗೆ ಅವರ ಅತ್ತೆ ಹಾಕಿದ್ದರಂತೆ. ಅದಕ್ಕೂ ಹಿಂದೆ ಯಾರು ಯಾರಿಗೆ ಹಾಕಿದ್ದರೋ, ಕೇಳುವ ಧೈರ್ಯ ನನಗೆ ಆಗಲಿಲ್ಲ. ಹೆಬ್ಬೆರಳಿನಷ್ಟು ಉದ್ದದ ಬೆಳ್ಳಿಯ ಡಬ್ಬಿ ಅದು. ಮುಂದೆ ಗಾಜು, ಹಿಂದೆ ಜಾಲರಿ ಕೆತ್ತಿದ ಮುಚ್ಚಳ. ಒಳಗೆ ಹಳದಿ ರೇಷ್ಮೆಯ ತುಂಡಿನ ಮೇಲೆ ಒಂದು ಖರೇ ಜೀರಂಗಿ ಹುಳ. ಮಳೆಗಾಲದಲ್ಲಿ ಜಾಲಿ ಗಿಡದ ಮೇಲೆ ಕಾಣುವ, ನವಿಲಿನ ಕುತ್ತಿಗೆಯ ಬಣ್ಣದಲ್ಲಿ ಮಿಂಚುವ ಹುಳ. ಸತ್ತು ಎಷ್ಟು ವರ್ಷವಾಗಿತ್ತೋ, ಹೊಳಪು ಮಾತ್ರ ನಿನ್ನೆ ಮೊನ್ನೆ ಸತ್ತಂತೆ ಇತ್ತು. ಆ ಮನೆತನದ ಯಾವ ಮದುವೆಯಾದರೂ ಅದು ಯಾರ ಪಾಲಿಗೆ ಬಂದಿದೆಯೋ ಅವರ ಕೊರಳಲ್ಲಿ ಇರಲೇಬೇಕು.

ಈಗ ಕುಸುಮಾಳ ತಮ್ಮ ಪ್ರಲ್ಹಾದನ ಮದುವೆ ಬಂದಿತ್ತು. ಅವನು ವಿಕ್ರೋಳಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹುಡುಗಿಯ ಮನೆ ಮಾಟುಂಗಾ. ಚಾತುರ್ಮಾಸ ಹಿಡಿಯುವ ಮೊದಲಿನ ಕಡೇ ಮುಹೂರ್ತ. ಕುಸುಮಾ ಪದಕ ತೆಗೆದು ನೋಡಿದರೆ ಗಾಜಿನ ಒಳಗೆ ಮುಂಬಯಿಯ ಹಸಿ ಹವೆ ಹೊಕ್ಕು ಮಂಜು ಕಟ್ಟಿತ್ತು.

"ದಾದರಕ್ಕ ಹೋದಾಗ ಅಕ್ಕಸಾಲಿಗನ ಕಡೆ ಕೊಟ್ಟು ಒರಿಸಿಕೊಂಡು ಬರ್ರಿ," ಎಂದಳು.

"ಇಷ್ಟಕ್ಕ ಅಕ್ಕಸಾಲಿಗ ಯಾಕ? ಇಲ್ಲಿ ಕೊಡು," ಎಂದೆ.

ಅವಳು ನಳದ ಕಡೆಗೊಮ್ಮೆ, ಮಣೆಯ ಕಡೆಗೊಮ್ಮೆ ನೋಡಿದಳು. ಆದರೂ ಕೊಟ್ಟಳು. ಗಂಡನ ಮೇಲಿನ ವಿಶ್ವಾಸ ಎಂದರೆ ಅದು!

ಮುಚ್ಚಳ ಬಿಗಿಯಾಗಿತ್ತು. ಬ್ಲೇಡಿನಿಂದ ಎಬ್ಬಿಸಿದೆ. ಟಪ್ಪೆಂದು ತೆರೆದು ಜೀರಂಗಿ ಮೇಜಿನ ಮೇಲೆ ಬಿತ್ತು. ಒಂದು ಕಾಲೂ ಮುರಿದಿರಲಿಲ್ಲ. ಗಾಜನ್ನು ಧೋತರದ ಚುಂಗಿನಿಂದ ಒರೆಸಿದೆ. ಕನ್ನಡಿಯಂತಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಹುಳದ ಬೆನ್ನಿನ ಮೇಲೆ ಒಂದಿಷ್ಟು ಧೂಳು ಕಂಡಿತು. ಕೈಯಿಂದ ಮುಟ್ಟಿದರೆ ಮುರಿದೀತು ಎಂದು ಬಹಳ ಜಾಗರೂಕತೆಯಿಂದ, ಬಹಳ ಮೆಲ್ಲಗೆ, 'ಫೂ' ಎಂದು ಊದಿದೆ.

ಜೀರಂಗಿಯ ತಲೆ ಕಿಟಕಿಯ ಕಡೆ ಹೋಯಿತು. ಒಂದು ರೆಕ್ಕೆ ಉಪ್ಪಿನಕಾಯಿಯ ಬಟ್ಟಲಿಗೆ ಬಿತ್ತು. ಉಳಿದ ಭಾಗ ನಾನು ನೋಡನೋಡುತ್ತಿದ್ದಂತೆ ಹಿಟ್ಟಾಯಿತು!

ಗೋಂದು ಹಚ್ಚಿ ಜೋಡಿಸಬಹುದೆಂದು ಪಕ್ಕದ ಖೋಲಿಗೆ ಗೋಂದು ಹುಡುಕಲು ಹೋದೆ. ಬರುವಷ್ಟರಲ್ಲಿ ಇರುವೆಗಳು ತಲೆಯನ್ನು ಹೊತ್ತುಕೊಂಡು ಗೋಡೆಯ ಬುಡಕ್ಕೆ ಸಾಲಾಗಿ ಹೊರಟಿದ್ದವು. ಅಷ್ಟು ಶಿಸ್ತಿನ ಶವಯಾತ್ರೆ ಈ ಮಹಾನಗರದಲ್ಲಿ ನಾನು ಮತ್ತೆಲ್ಲೂ ನೋಡಿಲ್ಲ.

ಕುಸುಮಾ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ, ಅಳಲಿಲ್ಲ. ಉಪ್ಪಿನಕಾಯಿಯಲ್ಲಿ ಮಿಂಚುತ್ತಿದ್ದ ರೆಕ್ಕೆಯನ್ನು ಚಮಚದಿಂದ ತೆಗೆದು ಬದಿಗಿಟ್ಟಳು.

"ಅವ್ವ ಮದುವಿ ಮುಂಚೆ ಇಲ್ಲೇ ಬಂದು ಇಳೀತಾಳ. ಬಂದಕೂಡ್ಲೆ ಪದಕ ಎಲ್ಲಿ ಅಂತ ಕೇಳ್ತಾಳ. ಏನ ಹೇಳ್ಲಿ, ಹೇಳಿಕೊಡ್ರಿ."

ಬೈದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಹೊಸಾದು ತರ್ತೀನಿ. ಮುಂಬೈಯಾಗ ಸಿಗಲಾರದ್ದು ಏನದ?" ಎಂದೆ.

ಮುಂಬಯಿಯಲ್ಲಿ ಸಿಗಲಾರದ್ದು ಜೀರಂಗಿ. ಮೊದಲು ಭುಲೇಶ್ವರಕ್ಕೆ ಹೋದೆ. ಅಲ್ಲಿ ಜರಿ ಕಸೂತಿಯ ಸಾಮಾನು ಮಾರುವ ಅಂಗಡಿಯಲ್ಲಿ ಜೀರಂಗಿ ರೆಕ್ಕೆಗಳು ಡಬ್ಬಿ ತುಂಬ ಇದ್ದವು. ಸೀರೆ, ಬೀಸಣಿಗೆಗಳ ಮೇಲೆ ಹೊಲಿಯುತ್ತಾರಂತೆ. ಹುಳ ಬೇಕು ಎಂದೆ. ಅಂಗಡಿಯವನು ಗಾದಿಯಿಂದ ಅಲುಗದೆ, "ಪಂಖ್ ಹೈ ಸೇಠ್, ಕೀಡಾ ನಹೀಂ," ಎಂದ. ಹುಳದ ಅಂಗಿ ಸಿಗುತ್ತದೆ, ಹುಳ ಸಿಗುವುದಿಲ್ಲ! ಆಫೀಸಿನಲ್ಲಿ ಜೊತೆಯ ಗುಮಾಸ್ತನೊಬ್ಬ ಒಂದು ಉಪಾಯ ಹೇಳಿದ. ದಾದರಿನ ಪಾರ್ಸಿ ಕಾಲೊನಿಯಲ್ಲಿ ದೋರಾಬ್‌ಜಿ ಎಂಬ ಮುದುಕರು ಹುಳಗಳನ್ನು ಕೂಡಿಹಾಕಿದ್ದಾರೆ, ನೋಡು ಎಂದ.

ಸಂಜೆ ಆಫೀಸು ಬಿಟ್ಟು ಹೋದೆ. ದಿನವಿಡೀ ದುಡಿದು, ಲೋಕಲಿನಲ್ಲಿ ನಿಂತು, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತವನಿಗೆ ಡಾಂಬರುಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ದೋರಾಬ್‌ಜಿ ಪಾರ್ಸಿಗಳ ಬಿಳಿಯ ಸದರೆ ಅಂಗಿ ತೊಟ್ಟ ಸಣಕಲು ಮುದುಕರು. ನಾನು ಬಾಯಿ ತೆರೆಯುವ ಮೊದಲೇ ಕೈ ಹಿಡಿದು ಒಳಗೆ ಎಳೆದುಕೊಂಡರು. ಆ ಮನೆಗೆ ಯಾರೂ ಬಂದು ಬಹಳ ದಿನವಾಗಿತ್ತೆಂದು ತೋರುತ್ತದೆ.

ಖಾನೆ ಖಾನೆ ಎಳೆದು ತೋರಿಸಿದರು. ಚಿಟ್ಟೆ, ಚೇಳು, ಕೊಂಬಿನ ಹುಳ, ಕೋಲಿನಂಥ ಹುಳ. ಒಂದೊಂದಕ್ಕೂ ಟಾಚಣಿ ಚುಚ್ಚಿ ಕೆಳಗೆ ಹೆಸರು ಬರೆದಿತ್ತು. ಆಮೇಲೆ ಜೀರಂಗಿಗಳ ಖಾನೆ ತೆರೆಯಿತು. ಹಸಿರು, ನೀಲಿ, ತಾಮ್ರದ ಬಣ್ಣ. ನನ್ನ ಬಾಯಲ್ಲಿ ನೀರೂರಿತು. ಹುಳ ನೋಡಿ ಬಾಯಲ್ಲಿ ನೀರೂರುವ ಪರಿಸ್ಥಿತಿಗೆ ನಾನು ಬಂದಿದ್ದೆ.

"ಸಾಹೇಬ್, ಇದರಲ್ಲಿ ಒಂದು ನನಗೆ ಕೊಡುತ್ತೀರಾ? ಹೆಂಡತಿಯ ಪದಕದಲ್ಲಿ ಇದ್ದದ್ದು ನಾನು ಊದಿ ಪುಡಿಯಾಯಿತು," ಎಂದು ಹಿಂದಿಯಲ್ಲಿ ಕೇಳಿದೆ.

ಖಾನೆ ಫಟ್ಟನೆ ಮುಚ್ಚಿತು. "ಅರೇ ದೀಕ್ರಾ! ಯೇ ಮೇರಾ ಬಚ್ಚಾ ಹೈ! ಬಚ್ಚಾ ಕೋಯಿ ದೇತಾ ಹೈ?" ಎಂದರು. ಮಕ್ಕಳನ್ನು ಯಾರಾದರೂ ಕೊಟ್ಟಾರೆಯೇ ಎಂಬ ಮಾತು. ಆದರೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. ಒಳಗೆ ಹೋಗಿ ಎರಡೂ ಕೈಯಲ್ಲಿ ಒಂದು ಕರೀ ಕಲ್ಲು ಹೊತ್ತುಕೊಂಡು ಬಂದರು. ಅದರಲ್ಲಿ ಪಕ್ಕೆಲುಬಿನಂಥ ಗೆರೆಗಳಿದ್ದ ಒಂದು ದೊಡ್ಡ ಹುಳದ ಅಚ್ಚು ಎದ್ದು ಕಾಣುತ್ತಿತ್ತು. ಅದು ಸಮುದ್ರದಲ್ಲಿ ಹರಿದಾಡುತ್ತಿದ್ದ ಜೀವಿ ಎಂದರು. ಮನುಷ್ಯ, ಆನೆ, ಹಕ್ಕಿ ಯಾವುದೂ ಹುಟ್ಟುವ ಮೊದಲೇ ಸತ್ತು ಕಲ್ಲಾದದ್ದಂತೆ. "ಇಂಥದ್ದು ನನ್ನ ಹತ್ತಿರ ಎರಡಿವೆ. ಒಂದು ತೆಗೆದುಕೊಂಡು ಹೋಗು. ಎಷ್ಟು ಊದಿದರೂ ಒಡೆಯುವುದಿಲ್ಲ!" ಎಂದರು.

ಕೈಯಲ್ಲಿ ಹಿಡಿದು ನೋಡಿದೆ. ಅರೆಯುವ ಗುಂಡುಕಲ್ಲಿನಷ್ಟು ಭಾರವಿತ್ತು. ಇದನ್ನು ಕುಸುಮಾಳ ಕೊರಳಿಗೆ ಕಟ್ಟಿದರೆ ತಮ್ಮನ ಮದುವೆಗೆ ಅವಳು ತೆವಳಿಕೊಂಡು ಹೋಗಬೇಕಾದೀತು. ಕೈಮುಗಿದು ಬೇಡವೆಂದೆ. ಬಾಗಿಲವರೆಗೆ ಬಂದು ಅವರೇ ದಾರಿ ತೋರಿಸಿದರು. ಟ್ರಾಂಬೆಯ ಗುಡ್ಡದ ಬದಿಗೆ ಜಾಲಿ ಗಿಡಗಳಿವೆ, ಮೊದಲ ಮಳೆ ಬಿದ್ದಿದೆ, ಹೋಗಿ ನೀನೇ ಹಿಡಿ ಎಂದರು. ಇನ್ನೂ ಏನೋ ಹೇಳಲು ಹೊರಟಿದ್ದರು. ಕುರ್ಲಾ ಗಾಡಿ ತಪ್ಪೀತೆಂದು ನಾನು ಇಳಿದುಬಂದೆ.

ರವಿವಾರ ಬೆಳಿಗ್ಗೆ ಜನ ನಿದ್ರೆ ಮಾಡುತ್ತಾರೆ. ನಾನು ಛತ್ರಿ ಹಿಡಿದು, ಹುಳ ಇಡಲು ಖಾಲಿ ಬೆಂಕಿಪೆಟ್ಟಿಗೆ ಜೇಬಿನಲ್ಲಿಟ್ಟುಕೊಂಡು ಟ್ರಾಂಬೆಯ ಬಸ್ಸು ಹತ್ತಿದೆ. ಮಳೆ ಜಿನುಗುತ್ತಿತ್ತು. ಜಾಲಿ ಗಿಡಗಳೇನೋ ಸಿಕ್ಕವು. ಮುಳ್ಳು ಛತ್ರಿಯನ್ನು ಹರಿಯಿತು, ಧೋತರವನ್ನು ಹರಿಯಿತು, ಆಮೇಲೆ ನನ್ನನ್ನೂ ಹರಿಯತೊಡಗಿತು. ಕಡೆಗೆ ತಂತಿಬೇಲಿಗೆ ಒತ್ತಿಕೊಂಡಿದ್ದ ಒಂದು ಗಿಡದ ಮೇಲೆ, ಅಂಬಾರಿಯಲ್ಲಿ ಕೂತ ಮಹಾರಾಜನಂತೆ, ಒಂದು ಜೀರಂಗಿ ಕೂತು ಸೊಪ್ಪು ಮೇಯುತ್ತಿತ್ತು! ಹಿಡಿದು ಪೆಟ್ಟಿಗೆಯಲ್ಲಿ ಹಾಕಿದೆ. ಹಿಂದಿನಿಂದ ಯಾರೋ ನನ್ನ ಕೊರಳಪಟ್ಟಿ ಹಿಡಿದರು.

ಆ ಬೇಲಿಯ ಆಚೆ ಹೊಸದಾಗಿ ಬಂದ ಎಣ್ಣೆ ಕಂಪನಿಯ ಪೆಟ್ರೋಲ್ ತುಂಬಿದ ಟಾಕಿಗಳಿವೆ ಎಂಬುದನ್ನು ನಾನು ಗಮನಿಸಿರಲಿಲ್ಲ. ಗಮನಿಸಿದವನು ಕಾವಲುಗಾರ. ಪೆಟ್ರೋಲ್ ಟಾಕಿಯ ಪಕ್ಕದ ಪೊದೆಯಲ್ಲಿ ಹರಕು ಧೋತರದ ಮನುಷ್ಯನೊಬ್ಬ ಬೆಂಕಿಪೆಟ್ಟಿಗೆ ಹಿಡಿದು ಅಡಗಿದ್ದಾನೆ!

"ಮಾಚಿಸ್ ಲೇಕೆ ಇಧರ್ ಕ್ಯಾ ಕರ್ತಾ ಹೈ?" ಎಂದು ಗರ್ಜಿಸಿದ.

"ಖಾಲೀ ಹೈ," ಎಂದೆ.

"ಖಾಲಿ ಮಾಚಿಸ್ ಲೇಕೆ ಕೌನ್ ಘೂಮ್ತಾ ಹೈ?" ಖಾಲಿ ಪೆಟ್ಟಿಗೆ ಹಿಡಿದು ಯಾರು ತಿರುಗುತ್ತಾರೆ ಎಂಬ ಅವನ ಪ್ರಶ್ನೆಯಲ್ಲಿ ನ್ಯಾಯವಿತ್ತು.

ಕಿತ್ತುಕೊಂಡು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ಒಳಗಿನಿಂದ 'ಕರ್ ಕರ್' ಎಂದಿತು. ಬಾಂಬು ಎಂದು ತಿಳಿದನೋ ಏನೋ, ಪೆಟ್ಟಿಗೆಯನ್ನು ಕೈಯಳತೆ ದೂರ ಹಿಡಿದುಕೊಂಡು, ನನ್ನನ್ನು ಮುಂದೆ ಮಾಡಿಕೊಂಡು ಗೇಟಿನ ತನಕ ನಡೆಸಿದ. ಅಲ್ಲಿ ಕ್ಯಾಂಟೀನಿನ ಶೆಟ್ಟರು ಹಾಲಿನ ಕ್ಯಾನು ಇಳಿಸಿಕೊಳ್ಳುತ್ತಿದ್ದರು. ನಾನು ದಿಕ್ಕು ತೋಚದೆ ಕನ್ನಡದಲ್ಲಿ ದೇವರನ್ನು ಕರೆದೆ. ದೇವರ ಬದಲು ಶೆಟ್ಟರು ತಿರುಗಿ ನೋಡಿದರು.

"ಎಂತ ಮಾರಾಯ್ರೆ, ನಮ್ಮವರಾ? ಎಂತ ಮಾಡಿದ್ರಿ?"

"ಜೀರಂಗಿ ಹಿಡೀಲಿಕ್ಕೆ ಬಂದಿದ್ದೆ. ಹೆಂಡತಿ ಪದಕದಾಗ ಹಾಕಲಿಕ್ಕೆ."

ಶೆಟ್ಟರು ಕೈಯಲ್ಲಿದ್ದ ಹಾಲಿನ ಕ್ಯಾನು ಕೆಳಗಿಟ್ಟರು. "ಹುಳ? ಹೆಂಡತಿಯ ಕುತ್ತಿಗೆಗೆ?" ಎಂದು ಖಚಿತ ಮಾಡಿಕೊಂಡರು. ಪೆಟ್ಟಿಗೆ ತೆರೆಸಿ ನೋಡಿದರು. ಆಮೇಲೆ ಕಾವಲುಗಾರನ ಹೆಗಲ ಮೇಲೆ ಕೈಯಿಟ್ಟು ಸಮಾಧಾನದಿಂದ ಹೇಳಿದರು: "ಛೋಡ್ ದೋ ಭಯ್ಯಾ. ಪಾಗಲ್ ನಹೀಂ ಹೈ. ಖಾಲೀ ಧಾರ್‌ವಾಡ್ ಕಾ ಹೈ."

ಹುಚ್ಚನಲ್ಲ, ಬರೀ ಧಾರವಾಡದವನು! ನಾನು ಹುಬ್ಬಳ್ಳಿಯವನು. ಆದರೆ ತಿದ್ದುವ ಹೊತ್ತು ಅದಾಗಿರಲಿಲ್ಲ. ಶೆಟ್ಟರು ಚಹಾ ಕುಡಿಸಿ ಕಳಿಸಿದರು. ಹೋಗುವಾಗ, "ಮನೆಯಲ್ಲಿ ಜಗಳವಾದರೆ ಹೂ ತಕೊಂಡು ಹೋಗ್ಬೇಕು ಮಾರಾಯ್ರೆ, ಹುಳ ಅಲ್ಲ," ಎಂದು ಬುದ್ಧಿಯನ್ನೂ ಹೇಳಿದರು.

ಮನೆಗೆ ಬಂದು ಹುಳವನ್ನು ತೋರಿಸಿದೆ. ಕುಸುಮಾಳ ಮುಖ ಅರಳಿತು. "ಹಳೇದಕ್ಕಿಂತ ಛಂದ ಅದ. ಆದ್ರ ಜೀವ ಅದ ಅಲ್ಲ?"

"ಔಷಧದ ಅಂಗಡಿಯಿಂದ ಏನಾರ ತಂದು ಒಂದು ಹನಿ..."

"ಮದುವಿ ಮನ್ಯಾಗ ಜೀವಹತ್ಯಾ ಮಾಡ್ತೀರೇನು? ನನ್ನ ತಮ್ಮನ ಸಂಸಾರ ಚೊಲೋ ನಡೀಬೇಕೋ ಬ್ಯಾಡೋ?"

ಹೀಗಾಗಿ ಅದು ತಾನಾಗಿ ಸಾಯುವುದನ್ನು ಕಾಯುವುದೆಂದು ಠರಾವಾಯಿತು. ಚಹಾದ ಖಾಲಿ ಡಬ್ಬಿಗೆ ತೂತು ಹೊಡೆದು ಅದರಲ್ಲಿ ಇಟ್ಟೆವು. ಆದರೆ ಉಪವಾಸ ಹಾಕಿ ಕೊಲ್ಲುವುದೂ ಪಾಪವೇ ಅಲ್ಲವೇ? ದಿನಾ ಬೆಳಿಗ್ಗೆ ಎದ್ದು ರೈಲುಹಳಿಯ ಬದಿಯ ಜಾಲಿಗೆ ಹೋಗಿ, ಮುಳ್ಳು ಚುಚ್ಚಿಸಿಕೊಂಡು ಸೊಪ್ಪು ತರುವುದು ನನ್ನ ಪಾಲಿಗೆ ಬಂತು. ನೆರೆಯವರು ಆಡು ಸಾಕಿದ್ದೀರಾ ಎಂದು ಕೇಳಿದರು. ಹುಳ ತಿಂದು ತಿಂದು ದಿನದಿನಕ್ಕೆ ಹೊಳೆಯಿತು, ನಾನು ಓಡಾಡಿ ದಿನದಿನಕ್ಕೆ ಸೊರಗಿದೆ. ಸಂಜೆ ನಾನು ಆಫೀಸಿನಿಂದ ಬಂದು ಗೋಡೆಗೆ ಒರಗಿದರೆ ಕುಸುಮಾ ಡಬ್ಬಿ ತೆರೆದು, "ಪಾಪ, ಇವತ್ತ ಸರಿಯಾಗಿ ಉಂಡೇ ಇಲ್ಲ," ಎನ್ನುತ್ತಿದ್ದಳು. ಮೊದಲ ಸಲ ನನ್ನನ್ನೇ ಕುರಿತು ಹೇಳಿದಳೆಂದು ತಿಳಿದು ಕಣ್ಣಲ್ಲಿ ನೀರು ತಂದುಕೊಂಡಿದ್ದೆ.

ಅತ್ತೆಯವರು ಬಂದರು. ಪದಕ ಕೇಳಿದರು. "ಒರೆಸಲಿಕ್ಕೆ ಕೊಟ್ಟದ," ಎಂದು ಕುಸುಮಾ ಹೇಳಿದಳು. ಅತ್ತೆಯವರು "ಹೂಂ," ಎಂದಷ್ಟೇ ಅಂದು ಅಡಿಗೆಮನೆಯಲ್ಲಿ ಚಹಾದ ಡಬ್ಬಿ ಹುಡುಕತೊಡಗಿದರು. ನಾನು ಹಾರಿ ಹೋಗಿ ಬೇರೆ ಡಬ್ಬಿ ಕೊಟ್ಟೆ. ಅಷ್ಟು ಚುರುಕಾಗಿ ಅಡಿಗೆಮನೆಯಲ್ಲಿ ಕೆಲಸ ಮಾಡುವ ಅಳಿಯನನ್ನು ಕಂಡು ಅವರಿಗೆ ಸಂತೋಷವಾಯಿತೋ ಸಂಶಯವಾಯಿತೋ ತಿಳಿಯಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಡಬ್ಬಿ ತೆರೆದೆ. ಹುಳವನ್ನು ಎತ್ತಿಕೊಂಡೆ. ಅದು ಕಾಲು ಮಡಚಿ, ಅಂಗೈಯಲ್ಲಿ ಅಂಗಾತ ಬಿದ್ದಿತ್ತು. ಬೆರಳಿನಿಂದ ತಟ್ಟಿದೆ. ಅಲುಗಲಿಲ್ಲ. ಇತ್ತ ತಿರುಗಿಸಿದೆ, ಅತ್ತ ತಿರುಗಿಸಿದೆ. ಸ್ವರ್ಗಸ್ಥವಾಗಿತ್ತು! ಅದೂ ಮುಹೂರ್ತ ನೋಡಿ! ಆ ಸಜ್ಜನ ಜೀವಿಗೆ ಮನಸ್ಸಿನಲ್ಲೇ ಕೈಮುಗಿದು, ಕುಸುಮಾ ಸ್ನಾನಕ್ಕೆ ಹೋಗಿದ್ದಾಗಲೇ ಪದಕದಲ್ಲಿ ಮಲಗಿಸಿ ಮುಚ್ಚಳ ಒತ್ತಿದೆ. ಈ ಸಲ ಊದಲಿಲ್ಲ.

ಮಾಟುಂಗಾದ ಸಭಾಗೃಹ ತುಂಬಿತ್ತು. ವರನ ಅಕ್ಕನಾದ್ದರಿಂದ ಕುಸುಮಾ ಕಳಸಗಿತ್ತಿ. ಎರಡೂ ಕೈಯಲ್ಲಿ ತುಂಬಿದ ಕಳಸ ಹಿಡಿದು ತಮ್ಮನ ಹಿಂದೆ ನಿಂತಿದ್ದಳು. ಕೊರಳಲ್ಲಿ ಪದಕ ಝಗ್ಗೆಂದು ಹೊಳೆಯುತ್ತಿತ್ತು. ಅಂತರಪಟ ಹಿಡಿದಿದ್ದರು. ಆಚೆ ವಧು, ಈಚೆ ವರ. ಆಚಾರ್ಯರು ಮಂಗಲಾಷ್ಟಕ ಸುರುಮಾಡಿದರು. ನಾನು ಗಂಡಸರ ಸಾಲಿನಲ್ಲಿ ಅಕ್ಷತೆ ಹಿಡಿದು, ಇಷ್ಟು ದಿನಗಳ ದಣಿವು ಇಳಿಯುವಂತೆ ಒಂದು ಉದ್ದ ಉಸಿರು ಬಿಟ್ಟೆ.

ವಧುವಿನ ಸೋದರತ್ತೆ ಕುಸುಮಾಳ ಕೊರಳಿಗೆ ಬಾಗಿ ನೋಡಿ, "ಅಗದೀ ಖರೇ ಹುಳದಂಗ ಮಾಡ್ಯಾರ ನೋಡ್ರಿ!" ಎಂದಳು.

ಖರೇ ಹುಳ ಅವಳ ಕಡೆ ತಿರುಗಿತು.

ಸೋದರತ್ತೆಯ ಕಿರುಚು ಮಂಗಲವಾದ್ಯವನ್ನೂ ಮೀರಿ ಕೇಳಿಸಿತು. ಪದಕದ ಗಾಜಿನ ಹಿಂದೆ ಆರು ಕಾಲುಗಳು ಏಕಕಾಲಕ್ಕೆ ಕೆಲಸಕ್ಕೆ ಹತ್ತಿದ್ದವು. ಕುಸುಮಾ ಕಳಸ ಬಿಡುವಂತಿಲ್ಲ, ಕೆಳಗೆ ನೋಡುವಂತಿಲ್ಲ, ಓಡುವಂತಿಲ್ಲ. ನನ್ನನ್ನು ನೋಡಿ ಹಲ್ಲು ಕಚ್ಚಿ ಒಂದೇ ಅಕ್ಷರ ಹೇಳಿದಳು: "ರೀ!"

ಓಡಿದೆ. ಯಾರದೋ ಕಾಲು ತುಳಿದೆ, ಯಾರದೋ ಅಕ್ಷತೆ ಚೆಲ್ಲಿದೆ. ಪದಕ ತಿರುಗಿಸಿ ಮುಚ್ಚಳ ಎಬ್ಬಿಸಿದೆ. ಒಳಗೆ ನೂಕಿ ಮುಚ್ಚುವುದು ನನ್ನ ಉದ್ದೇಶವೋ ಹೊರಗೆ ತೆಗೆಯುವುದೋ, ಇಂದಿಗೂ ಹೇಳಲಾರೆ. ಜೀರಂಗಿ ನನ್ನ ಉದ್ದೇಶಕ್ಕೆ ಕಾಯಲಿಲ್ಲ. ಹೊರಗೆ ಬಂದು, ಕುಸುಮಾಳ ಹೆಗಲೇರಿ, ರೆಕ್ಕೆ ಬಿಚ್ಚಿ ಬರ್ರೆಂದು ಹಾರಿ ಅಂತರಪಟದ ನಟ್ಟನಡುವೆ ಕೂತಿತು!

"ಶುಭಮಂಗಲ ಸಾವಧಾನ!" ಎಂದರು ಆಚಾರ್ಯರು. ಅಷ್ಟು ಮನಃಪೂರ್ವಕವಾಗಿ 'ಸಾವಧಾನ' ಎಂದವರನ್ನು ನಾನು ಕೇಳಿಲ್ಲ. ಅಂತರಪಟ ಹಿಡಿದ ಒಬ್ಬ ತನ್ನ ತುದಿ ಬಿಟ್ಟು ಓಡಿದ. ಬಟ್ಟೆ ಜೋತುಬಿದ್ದು, ವಧೂವರರು ವೇಳೆಗೆ ಮೊದಲೇ ಒಬ್ಬರಿಗೊಬ್ಬರು ಕಂಡುಬಿಟ್ಟರು. ಹುಳ ಹಾರಿ ಆಚಾರ್ಯರ ರುಮಾಲಿನ ಮೇಲೆ ಕ್ಷಣಕಾಲ ರತ್ನದಂತೆ ಶೋಭಿಸಿ, ಕಿಟಕಿಯಿಂದ ಮಾಟುಂಗಾದ ಮಳೆಯೊಳಗೆ ಹೋಯಿತು. ಹುಡುಗಿ ಬಾಯಿಗೆ ಮಾಲೆ ಅಡ್ಡ ಹಿಡಿದು ನಗುತ್ತಿದ್ದಳು. ಅವಳು ನಕ್ಕದ್ದು ನೋಡಿ ಪ್ರಲ್ಹಾದನೂ ನಕ್ಕ. ಅಷ್ಟರಲ್ಲಿ ಆಚಾರ್ಯರು ಮುಹೂರ್ತ ಮೀರೀತೆಂದು ಗದರಿ ಮಾಲೆ ಹಾಕಿಸಿದರು. ಜನ ನನ್ನ ಮೇಲೂ ನಾಲ್ಕು ಕಾಳು ಅಕ್ಷತೆ ಹಾಕಿದರು.

ಊಟದ ಪಂಕ್ತಿಯಲ್ಲಿ ನಾನು ಮೂಲೆಯ ಎಲೆ ಹಿಡಿದು ಕೂತೆ. ಅತ್ತೆಯವರು ತುಪ್ಪದ ತಂಬಿಗೆ ಹಿಡಿದು ನೆಟ್ಟಗೆ ನನ್ನ ಎದುರಿಗೇ ಬಂದು ನಿಂತರು. ಹಿಂದೆ ಕುಸುಮಾ.

"ಅತ್ಯಾ, ಹಳೇ ಹುಳಾ ನಾನ ಒಡದೆ. ಊದಲಿಕ್ಕೆ ಹೋಗಿ..." ಎಂದು ತಲೆ ತಗ್ಗಿಸಿದೆ.

"ಜೀರಂಗಿ ಕೈ ಮುಟ್ಟಿದ್ರ ಸತ್ತಂಗ ಬೀಳ್ತದ, ಅಳಿಯಂದ್ರ. ನಮ್ಮ ಕಡೆ ಕೂಸುಗಳಿಗೂ ಗೊತ್ತದ. ನಿಮಗ ಗೊತ್ತಿರಲಿಲ್ಲೇನು?"

"ಹುಬ್ಬಳ್ಳಿ ಪ್ಯಾಟ್ಯಾಗ ಬೆಳದವ ನಾನು... ನಿಮಗ ಹುಳದ ಸುದ್ದಿ ಗೊತ್ತಿತ್ತೇನು?"

"ಬಂದ ದಿನಾನ ಡಬ್ಬ್ಯಾಗ ನೋಡೇನಿ. ಸಾಕಲಿಕ್ಕೆ ತಂದೀರಿ ಅಂತ ತಿಳಿದೆ. ಮುಂಬೈ ಮಂದಿ ಏನೇನೋ ಸಾಕ್ತಾರ. ಅದನ್ನ ನನ್ನ ಮಗಳ ಕೊಳ್ಳಿಗೆ ಕಟ್ತೀರಿ ಅಂತ ನಂಗೇನ ಕನಸು ಬಿದ್ದಿತ್ತೇನು?"

ಅತ್ತೆಯವರು ಬಾಗಿ ತುಪ್ಪ ಬಡಿಸಿದರು. ಧ್ವನಿ ತಗ್ಗಿತು.

"ಖರೇ ಹೇಳ್ಲೇನು? ನಂಗ ಹುಳಾ ಅಂದ್ರ ಸಣ್ಣಾಕಿ ಇದ್ದಾಗಿಂದ ಮೈ ಝುಮ್ ಅಂತದ. ನಮ್ಮ ಅತ್ತಿ ಅದನ್ನ ಕೊಳ್ಳಿಗೆ ಹಾಕಿದ್ರು. ಬ್ಯಾಡ ಅನ್ನೂ ಧೈರ್ಯ ಆಗಲಿಲ್ಲ. ಮದುವಿ ಮದುವಿಗೂ ಎದಿ ಮ್ಯಾಲ ಒಂದು ಹೆಣ ಇಟ್ಕೊಂಡು ನಿಂತಂಗ ಆಗ್ತಿತ್ತು. ಇವತ್ತ ಹಾರಿ ಹೋತಲ್ಲ, ಮನಸ್ಸು ಹಗುರಾತು."

"ಅವ್ವಾ!" ಎಂದಳು ಕುಸುಮಾ. "ನಂಗೂ ಹಂಗ ಆಗ್ತಿತ್ತು! ನೀ ಪ್ರೀತಿಲೆ ಕೊಟ್ಟಿ ಅಂತ ಸುಮ್ಮನ ಹಾಕ್ಕೋತಿದ್ದೆ."

"ನಿಂಗ ಸೇರ್ತದ ಅಂತ ನಾ ಸುಮ್ಮನಿದ್ದೆ."

ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಕಣ್ಣೀರು ಬರುವಂತೆ ನಕ್ಕರು. ಅವರ ನಗು ನೋಡುತ್ತ ನಾನು ಭುಲೇಶ್ವರ, ದಾದರ, ಟ್ರಾಂಬೆ, ರೈಲುಹಳಿಯ ಜಾಲಿ ಎಲ್ಲವನ್ನೂ ನೆನೆದೆ. ಯಾರಿಗೂ ಬೇಡವಾದ ಹುಳವೊಂದಕ್ಕಾಗಿ ನನ್ನ ಮೈಯ ಅರ್ಧ ರಕ್ತ ಮುಳ್ಳಿನ ಪಾಲಾಗಿತ್ತು. ಹೋಳಿಗೆ ಬಂತು. ಎರಡು ಹಾಕಿಸಿಕೊಂಡು ತಿಂದೆ.

ಅತ್ತೆಯವರು ಊರಿಗೆ ಹೋದ ಮೇಲೆ ಒಂದು ಸಂಜೆ ಕುಸುಮಾ ಖಾಲಿ ಪದಕವನ್ನು ಅಂಗೈಯಲ್ಲಿಟ್ಟುಕೊಂಡು, "ಬೆಳ್ಳಿ ಚೊಲೋ ಅದ. ಒಳಗ ಏನರ ಹಾಕ್ಬೇಕು," ಎಂದಳು. ಸಂಸಾರದಲ್ಲಿ ಸವಿಮಾತಿಗೆ ಒದಗಿಬರುವ ಅವಕಾಶಗಳು ಬಹಳ ಕಡಿಮೆ. ನಾನು ಗಂಟಲು ಸರಿಪಡಿಸಿಕೊಂಡು, "ನನ್ನ ಒಂದು ಸಣ್ಣ ಫೋಟೋ ಹಾಕಬಹುದಲ್ಲ?" ಎಂದೆ.

ಅವಳು ನನ್ನ ಮುಖವನ್ನು ಒಂದು ಗಳಿಗೆ ಅಳೆಯುವಂತೆ ನೋಡಿದಳು. ಪದಕವನ್ನು ಟ್ರಂಕಿನೊಳಗಿಟ್ಟು ಕೀಲಿ ಹಾಕಿದಳು.

"ಹುಳಾ ಹೋದ ಮ್ಯಾಲೆ ಮತ್ತೊಂದು ಹುಳಾ ಯಾಕ್ರಿ?" ಎಂದಳು.